ನಾಯಿಯ ವಿಮೆಗೆ ನಾನು ಹೇಳಿದ ಅರ್ಥ

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ನಿವೃತ್ತಳಾಗಿ ಮೈಸೂರಿನ ಬೋಗಾದಿಯ ಈ ಬಡಾವಣೆಗೆ ಬಂದ ಮೇಲೆ ನನ್ನ ಇಂಗ್ಲಿಷಿಗೆ ಉಳಿದ ಕೆಲಸ ಒಂದೇ, ನಮ್ಮ ರಸ್ತೆಯವರ ಕಾಗದಪತ್ರ ಓದಿ ಅರ್ಥ ಹೇಳುವುದು. ಬ್ಯಾಂಕಿನ ನೋಟಿಸು, ಮಕ್ಕಳ ಶಾಲೆಯ ಸುತ್ತೋಲೆ, ಆಸ್ಪತ್ರೆಯ ರಿಪೋರ್ಟು, ಏನೇ ಬಂದರೂ 'ಮೇಡಂಗೆ ತೋರ್ಸು' ಅನ್ನುವುದು ರೂಢಿಯಾಗಿತ್ತು. ನನ್ನ ತಾತ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಕೇರಿಯವರ ಅರ್ಜಿಗಳನ್ನೆಲ್ಲ ಅವರೇ ಬರೆದುಕೊಡುತ್ತಿದ್ದರೆಂದು ಅಪ್ಪ ಹೇಳುತ್ತಿದ್ದುದುಂಟು. ಆ ಗತ್ತು ನನಗೂ ಇಳಿದು ಬಂದಿತ್ತು. ಕನ್ನಡಕ ಹಾಕಿಕೊಂಡು, ಕಾಗದವನ್ನು ಸ್ವಲ್ಪ ದೂರ ಹಿಡಿದು, ಮುಂದೆ ನಿಂತವರನ್ನು ಒಂದು ನಿಮಿಷ ಕಾಯಿಸಿ ಮಾತಾಡುವುದು ನನಗೆ ಇಷ್ಟವಾಗುತ್ತಿತ್ತು.

ನಮ್ಮ ಮನೆಯ ಎದುರಿಗೇ ಒಂದು ಮೆಸ್ಸು. ಸುತ್ತ ರೂಮು ಮಾಡಿಕೊಂಡಿರುವ ಕಾಲೇಜು ಹುಡುಗರಿಗೆ ಎರಡು ಹೊತ್ತು ಊಟ. ನಡೆಸುತ್ತಿದ್ದವರು ನನ್ನದೇ ವಯಸ್ಸಿನ ಹೆಂಗಸು, ನಂಜನಗೂಡಿನ ಕಡೆಯವರು. ಹಣೆಯ ಮೇಲಿನ ವಿಭೂತಿ ಒಲೆಯ ಮುಂದೆ ಬೆವರಿಗೆ ಕರಗಿದರೂ ಮಧ್ಯಾಹ್ನ ಮತ್ತೆ ಮುಖ ತೊಳೆದು ಹಚ್ಚಿಕೊಳ್ಳುತ್ತಿದ್ದರು. ರಸ್ತೆಗೆಲ್ಲ ಅವರು ಮೆಸ್ಸಿನಮ್ಮ. ಅವರ ಮಾಳಿಗೆಯ ರೂಮಿನಲ್ಲಿದ್ದ ಹುಡುಗನೊಬ್ಬ ಪರೀಕ್ಷೆ ಮುಗಿಸಿ ಊರಿಗೆ ಹೋಗುವಾಗ ಹತ್ತು ದಿನಕ್ಕೆಂದು ತನ್ನ ಲ್ಯಾಬ್ರಡಾರ್ ನಾಯಿಯನ್ನು ಇವರ ಹತ್ತಿರ ಬಿಟ್ಟುಹೋದ. ಮತ್ತೆ ಬರಲಿಲ್ಲ. ಮೊದಮೊದಲು ಶಪಿಸುತ್ತಿದ್ದ ಮೆಸ್ಸಿನಮ್ಮ ಆರು ತಿಂಗಳಲ್ಲಿ ಅದನ್ನು 'ಮಗ' ಎಂದು ಕರೆಯತೊಡಗಿದರು. ಮಗನಿಗೆ ಮೊಸರನ್ನವೆಂದರೆ ಪ್ರಾಣ. ಊಟದ ಹೊತ್ತಿನಲ್ಲಿ ಬಾಗಿಲಿಗೆ ಅಡ್ಡ ಮಲಗಿ, ಹುಡುಗರು ತನ್ನನ್ನು ದಾಟಿಕೊಂಡೇ ಒಳಗೆ ಹೋಗುವಂತೆ ಮಾಡುತ್ತಿತ್ತು.

ನಾಯಿಗೆ ಲಸಿಕೆ ಹಾಕಿಸಲು ಹೋದಾಗ ಡಾಕ್ಟರು ವಿಮೆ ಮಾಡಿಸಿ ಎಂದರಂತೆ. ಈ ಜಾತಿಯ ನಾಯಿಗೆ ವಯಸ್ಸಾದಂತೆ ಸೊಂಟದ ತೊಂದರೆ ಬರುತ್ತದೆ, ಖರ್ಚು ತಡೆಯುವುದು ಕಷ್ಟ ಎಂದರಂತೆ. ಮೆಸ್ಸಿನಮ್ಮ ತಮ್ಮ ಸ್ಕೂಟರಿಗೆ ವಿಮೆ ಮಾಡಿಸುತ್ತಿದ್ದ ಏಜೆಂಟರಿಗೇ ಫೋನು ಮಾಡಿದರು. ಅವರು ನಲವತ್ತು ದಾಟಿದ, ಮೆಲುದನಿಯ ಮನುಷ್ಯ. ಮನೆ ಅಶೋಕಪುರಂನಲ್ಲಿ, ಊರಿನಲ್ಲಿ ದಲಿತರು ಹೆಚ್ಚಾಗಿರುವ ಹಳೆಯ ಬಡಾವಣೆಯಲ್ಲಿ. ನಮ್ಮ ರಸ್ತೆಯ ಅರ್ಧ ಗಾಡಿಗಳ ವಿಮೆ ಅವರ ಕೈಯಲ್ಲೇ ಇತ್ತು. ಅವರ ಮನೆ ಎಲ್ಲಿ ಎಂದು ಗೊತ್ತಾದಾಗ ನನ್ನ ಮನಸ್ಸು ಅವರ ಓದು ಎಷ್ಟಿರಬಹುದೆಂದು ತಾನೇ ಒಂದು ಲೆಕ್ಕ ಹಾಕಿಕೊಂಡಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದನ್ನು ಬಿಟ್ಟರೆ ಮುಂದಿನದನ್ನು ಬರೆದೂ ಪ್ರಯೋಜನವಿಲ್ಲ.

ಒಂದು ಬೆಳಿಗ್ಗೆ ಮೆಸ್ಸಿನಮ್ಮ ಆ ಏಜೆಂಟರನ್ನು ಕರೆದುಕೊಂಡು ನಮ್ಮ ಗೇಟಿಗೆ ಬಂದರು. ನಾನು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತಿದ್ದೆ. ಮೆಸ್ಸಿನಮ್ಮ ಸಲಿಗೆಯಿಂದ ಮೆಟ್ಟಿಲ ಮೇಲೆ ಕೂತರು. ಏಜೆಂಟರು ಗೇಟಿನ ಒಳಗೆ ಒಂದು ಹೆಜ್ಜೆ ಇಟ್ಟು ನಿಂತರು. ನಾನು ಕೂರಿ ಎನ್ನಲಿಲ್ಲ.

"ಮೇಡಂ, ಮಗಂಗೆ ಇನ್ಶೂರೆನ್ಸ್ ಮಾಡ್ಸನ ಅಂತ. ಇದ್ರಲ್ಲಿ ನಾಕಾರು ತರ ಐತಂತೆ. ಯಾವ್ದು ತಗಳ್ಳನ, ನೀವೊಂಚೂರು ನೋಡ್ಬುಡಿ."

ಹದಿನಾಲ್ಕು ಪುಟ. ಸಣ್ಣ ಅಕ್ಷರ. ಒಲೆಯ ಮೇಲೆ ಹಾಲಿಟ್ಟಿದ್ದೆ. ಮೊದಲ ಪುಟದಲ್ಲೇ ದಪ್ಪ ಅಕ್ಷರಗಳಲ್ಲಿ 'ಕಾಂಪ್ರಿಹೆನ್ಸಿವ್' ಎಂಬ ಹೆಸರಿನ ಒಂದು ಯೋಜನೆ ಕಂಡಿತು. ಬೆರಳಿಟ್ಟು ತೋರಿಸಿದೆ.

"ಇದನ್ನೇ ತಗೊಳ್ಳಿ."

ಏಜೆಂಟರು ಗಂಟಲು ಸರಿಮಾಡಿಕೊಂಡರು. "ಮೇಡಂ, ಈ ಕಾಂಪ್ರೆನ್ಸಿವ್ ಒಳಗೆ ಟ್ರೀಟ್‌ಮೆಂಟು ಬರಲ್ಲ. ಅದಕ್ಕೆ ಬೇರೆ ಆಡ್-ಆನ್ ಅಂತ ಐತೆ, ಅದನ್ನೂ ಸೇರಿಸಿದ್ರೆ..."

"ಕಾಂಪ್ರಿ-ಹೆನ್-ಸಿವ್," ಎಂದು ತಿದ್ದಿದೆ. ತರಗತಿಯಲ್ಲಿ ತಿದ್ದುವಂತೆ, ಬಿಡಿಸಿ ಬಿಡಿಸಿ. "ಹಾಗಂದ್ರೆ ಏನು ಗೊತ್ತೇನ್ರೀ? ಸಮಗ್ರ. ಎಲ್ಲವೂ ಸೇರಿರೋದು. ಎಲ್ಲ ಸೇರಿದ ಮೇಲೆ ಮತ್ತೆ ಸೇರಿಸೋಕೆ ಏನಿರುತ್ತೆ?"

ಮೆಸ್ಸಿನಮ್ಮ ನಕ್ಕರು. ಏಜೆಂಟರ ಮುಖ ಕೆಂಪಗಾಯಿತು. ನಾಲ್ಕನೆಯ ಪುಟ ತೆಗೆದು ಏನನ್ನೋ ತೋರಿಸಲು ಮುಂದೆ ಬಂದವರು ಅಲ್ಲೇ ನಿಂತರು. "ನೀವು ಓದಿರೋರು ಹೇಳಿದ್ಮೇಲೆ ಸರಿ ಮೇಡಂ," ಎಂದು ಕಾಗದ ಮಡಚಿದರು. ನಾನು ಹಾಲು ಉಕ್ಕುತ್ತದೆಂದು ಒಳಗೆ ಓಡಿದೆ.

ಅದೇ ವಾರ ಪಾಲಿಸಿಗೆಂದು ನಾಯಿಯ ಫೋಟೋ ತೆಗೆಸಿದರು. ಮೆಸ್ಸಿನಮ್ಮ ಅದಕ್ಕೆ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು ಕೂರಿಸಿದ್ದರು. ಗುರುತಿಗೆ ಬೇಕಾದ ಫೋಟೋದಲ್ಲಿ ಬಿಳಿ ಪಟ್ಟೆ ಇದ್ದರೆ ಹುಟ್ಟುಮಚ್ಚೆ ಎಂದುಕೊಳ್ಳುತ್ತಾರೆ, ಒರೆಸಿ ಇನ್ನೊಂದು ತೆಗೆಯಬೇಕು ಎಂದು ಏಜೆಂಟರು ಎರಡು ಸಲ ಓಡಾಡಿದರು. ಅಷ್ಟು ಸಣ್ಣ ವಿಷಯಕ್ಕೂ ಓಡಾಡುವ ಮನುಷ್ಯ ಅಂದು ಗೇಟಿನ ಹತ್ತಿರ ಏನೋ ಹೇಳಲು ಹೊರಟಿದ್ದರಲ್ಲ, ಏನದು ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ.

ಮಾವಿನ ಕಾಲ ಬಂತು. ರಜೆಗೆ ಊರಿಗೆ ಹೋಗದೆ ಉಳಿದ ಹುಡುಗರಿಗಾಗಿ ಮೆಸ್ಸಿನಮ್ಮ ಒಂದು ಭಾನುವಾರ ಸೀಕರಣೆ ಮಾಡಿದರು. ರಸ ಹಿಂಡಿ ಉಳಿದ ಮಾವಿನ ವಾಟೆಗಳನ್ನೆಲ್ಲ ಹಿತ್ತಲಿನ ಬಕೆಟ್ಟಿಗೆ ಹಾಕಿಟ್ಟಿದ್ದರು. ಮಂಗಳವಾರದ ಹೊತ್ತಿಗೆ ಮಗ ಮೊಸರನ್ನ ಮೂಸಿ ಮುಖ ತಿರುಗಿಸಿತು. ಬುಧವಾರ ಕುಡಿದ ನೀರೂ ವಾಂತಿಯಾಯಿತು. ಬಾಗಿಲಲ್ಲಿ ಮಲಗುತ್ತಿದ್ದುದು ಬಚ್ಚಲ ಮೂಲೆ ಸೇರಿ, ಕರೆದರೆ ಬಾಲ ಮಾತ್ರ ಒಮ್ಮೆ ನೆಲಕ್ಕೆ ಬಡಿಯಿತು. ಆಟೋ ತರಿಸಿದೆವು. ಮೆಸ್ಸಿನಮ್ಮನ ತೊಡೆಯ ಮೇಲೆ ಅದರ ತಲೆ, ನನ್ನ ತೊಡೆಯ ಮೇಲೆ ಹಿಂಗಾಲು.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಸ್ಕ್ಯಾನ್ ಮಾಡಿ, ಕರುಳಿನಲ್ಲಿ ವಾಟೆ ಸಿಕ್ಕಿಕೊಂಡಿದೆ, ಇವತ್ತೇ ಆಪರೇಷನ್ ಆಗಬೇಕು ಎಂದರು. ಖರ್ಚು ಇಷ್ಟಾಗಬಹುದು ಎಂದು ಹೇಳಿ, "ವಿಮೆ ಮಾಡಿಸಿದ್ದೀರಲ್ಲ?" ಎಂದು ಕೇಳಿದರು.

"ಮಾಡ್ಸಿವ್ನಿ ಡಾಕ್ಟ್ರೇ. ನಮ್ಮ ಮೇಡಮ್ಮೋರೇ ಓದಿ, ಎಲ್ಲ ಸೇರಿರೋದ್ನೇ ಮಾಡ್ಸವ್ರೆ. ಅದ್ಕೇನೂ ಯೋಚ್ನೆ ಇಲ್ಲ, ನೀವು ಮಗನ್ನ ಉಳಿಸ್ಬುಡಿ."

ಡಾಕ್ಟರು ನನ್ನತ್ತ ನೋಡಿ ತಲೆಯಾಡಿಸಿದರು. ಆ ಗಾಬರಿಯಲ್ಲೂ ನನಗೆ ಒಂದು ಹೆಮ್ಮೆ ಸುಳಿದುಹೋಯಿತು.

ನಾಯಿ ಉಳಿಯಿತು. ಐದು ದಿನಕ್ಕೆ ಮನೆಗೆ ಬಂತು, ಹೊಟ್ಟೆಗೆ ಪಟ್ಟಿ, ಕತ್ತಿಗೆ ಹೊಲಿಗೆ ನೆಕ್ಕದಂತೆ ಆಲಿಕೆಯಂಥ ಪ್ಲಾಸ್ಟಿಕ್ಕಿನ ಕೊರಳಪಟ್ಟಿ. ಖರ್ಚಿಗೆ ಮೆಸ್ಸಿನಮ್ಮ ಚೀಟಿ ಎತ್ತಿದ್ದರು. ಅಡುಗೆಮನೆಗೆ ದೊಡ್ಡ ಗ್ರೈಂಡರ್ ತೆಗೆದುಕೊಳ್ಳಲು ಕಟ್ಟುತ್ತಿದ್ದ ಚೀಟಿ ಅದು. "ಕಂಪನಿಯೋರು ಕೊಡ್ತಾರಲ್ಲ, ಆಮೇಕೆ ತಗಂಡ್ರಾಯ್ತು," ಎಂದರು. ಕಂಪನಿಗೆ ಫೋನು ಮಾಡುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಇಂಗ್ಲಿಷಿನಲ್ಲಿ ಮಾತಾಡಿದರೆ ಬೇಗ ಕೆಲಸವಾಗುತ್ತದೆ ಎಂದು ಹೇಳಿದ್ದೂ ನಾನೇ.

ಆ ಕಡೆಯ ಹೆಣ್ಣುಮಗಳು ಪಾಲಿಸಿ ಸಂಖ್ಯೆ ಕೇಳಿ, ನನ್ನ ಇಂಗ್ಲಿಷಿಗೆ ಕನ್ನಡದಲ್ಲೇ ಉತ್ತರ ಕೊಟ್ಟಳು. "ಮೇಡಂ, ಇದರಲ್ಲಿ ಮೂರಕ್ಕೆ ಮಾತ್ರ ಕ್ಲೇಮ್ ಇದೆ. ನಾಯಿ ಸತ್ತರೆ, ಕಳುವಾದರೆ, ಬೇರೆಯವರಿಗೆ ಹಾನಿ ಮಾಡಿದರೆ. ಚಿಕಿತ್ಸೆಯದ್ದು ನೀವು ತಗೊಂಡಿಲ್ಲ."

"ಆಪರೇಷನ್ ಮಾಡಿಸದೆ ಇದ್ದಿದ್ರೆ ನಾಯಿ ಸಾಯ್ತಿತ್ತಲ್ಲಮ್ಮ?"

"ಹೌದು ಮೇಡಂ. ಆಗ ಕ್ಲೇಮ್ ಆಗ್ತಿತ್ತು."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಫೋನಿಟ್ಟು, ಮೆಸ್ಸಿನಮ್ಮ ಕೊಟ್ಟಿದ್ದ ಪ್ಲಾಸ್ಟಿಕ್ ಚೀಲದಿಂದ ಪಾಲಿಸಿ ತೆಗೆದೆ. ನಾಲ್ಕನೆಯ ಪುಟ. ಅದರಲ್ಲಿ ಕಠಿಣವಾದದ್ದೇನೂ ಇರಲಿಲ್ಲ. ಮೊದಲ ವರ್ಷದ ಪದವಿ ತರಗತಿಯಲ್ಲಿ ಹಿಂದಿನ ಬೆಂಚಿನವರೂ ಬಿಡಿಸಬಹುದಾಗಿದ್ದ ವಾಕ್ಯ: ಚಿಕಿತ್ಸೆ, ಶಸ್ತ್ರಚಿಕಿತ್ಸೆ, ಆಸ್ಪತ್ರೆಯ ವೆಚ್ಚಗಳು ಈ ಯೋಜನೆಯಲ್ಲಿ ಸೇರಿರುವುದಿಲ್ಲ, ಬೇಕಾದವರು ಪ್ರತ್ಯೇಕವಾಗಿ ಸೇರಿಸಿಕೊಳ್ಳತಕ್ಕದ್ದು. ನಾಯಿ ಸತ್ತರೆ ಮಾತ್ರ ಮೆಸ್ಸಿನಮ್ಮನಿಗೆ ಉಪಯೋಗವಾಗುವ ಕಾಗದವನ್ನು ನಾನು ಆರಿಸಿ ಕೊಟ್ಟಿದ್ದೆ.

ಎದುರು ಮನೆಗೆ ಹೋದೆ. ಮೆಸ್ಸಿನಮ್ಮ ಹುರುಳಿಕಾಯಿ ಸೋಸುತ್ತಿದ್ದರು.

"ಏನಂದ್ರು ಮೇಡಂ?"

"ಕೊಡೋಲ್ಲವಂತೆ."

"ಯಾಕಂತೆ?"

ಆಗ ಹೇಳಬಹುದಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು. ನಾನು ಹೇಳಿದ್ದು ಬೇರೆ. "ಈ ಕಂಪನಿಗಳೆಲ್ಲ ಹೀಗೇ. ಒಂದು ಬರೆದಿರ್ತಾರೆ, ಒಂದು ಮಾಡ್ತಾರೆ."

"ಆ ಏಜೆಂಟು ನಮ್ಗೆ ಸರ್ಯಾಗಿ ಯೋಳ್ನಿಲ್ಲ ಅಲ್ವಾ?"

"ಇರಬಹುದು," ಎಂದೆ.

ಒಂದೇ ಪದ. ಸುಳ್ಳೆಂದು ಯಾರೂ ಹಿಡಿಯಲಾಗದಂಥದ್ದು. ಅದನ್ನು ಹೇಳಿ ಮನೆಗೆ ಬಂದು ಊಟ ಮಾಡಿದೆ.

ಎರಡು ದಿನದ ಮೇಲೆ ಏಜೆಂಟರು ನಾಯಿಯನ್ನು ನೋಡಿಕೊಂಡು ಹೋಗಲು ತಾವಾಗಿಯೇ ಬಂದರು. ಕೈಯಲ್ಲಿ ಒಂದು ಬ್ರೆಡ್ಡಿನ ಪೊಟ್ಟಣ. ಮಧ್ಯಾಹ್ನದ ಊಟದ ಹೊತ್ತು, ಒಳಗೆ ಇಪ್ಪತ್ತು ಮಂದಿ ಹುಡುಗರು ತಟ್ಟೆಯ ಮುಂದೆ ಕೂತಿದ್ದರು. ನಾನು ನಮ್ಮ ಮನೆಯ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದೆ. ಮೆಸ್ಸಿನಮ್ಮ ಸಾರಿನ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಯಾಕ್ ಬಂದ್ರಿ? ಸತ್ತೋಗೈತೆ ಅನ್ಕಂಡು ನೋಡಕ್ ಬಂದ್ರಾ? ಕಾಸು ಕಟ್ಟಿಸ್ಕಳ್ಳೋವಾಗ ಎಲ್ಲ ಸೇರೈತೆ, ಕೊಡೋವಾಗ ಒಂದೂ ಇಲ್ವಾ? ನಿಮ್ಮನ್ನ ನಂಬ್ಕಂಡಿದ್ದೆ ಕಣ್ರೀ ನಾನು!"

ಹುಡುಗರು ಎದ್ದು ಬಾಗಿಲಿಗೆ ಬಂದು ನಿಂತರು. ಪಕ್ಕದ ಜೆರಾಕ್ಸ್ ಅಂಗಡಿಯವರೂ ಹೊರಗೆ ಬಂದರು. ಏಜೆಂಟರು ಒಂದು ಸಲ ತಲೆಯೆತ್ತಿದರು. ತಾರಸಿಯ ಮೇಲಿದ್ದ ನನ್ನನ್ನು ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ. ನಾನು ಮಾತಾಡುತ್ತೇನೆಂದು ಕಾಯುತ್ತಿದ್ದರು. ನನ್ನ ಕೈಯಲ್ಲಿ ಒದ್ದೆಯ ದಿಂಬಿನ ಚೀಲವಿತ್ತು. ಅದನ್ನು ಬಕೆಟ್ಟಿಗೇ ಹಾಕಿ, ಅರ್ಧ ಬಟ್ಟೆ ಹಾಗೇ ಬಿಟ್ಟು, ಮೆಟ್ಟಿಲಿಳಿದು ಒಳಗೆ ಹೋಗಿ ಕದ ಹಾಕಿಕೊಂಡೆ. "ನಂದೇ ತಪ್ಪಾಯ್ತಮ್ಮ, ಇನ್ನೊಂದ್ಸಲ ಒತ್ತಿ ಹೇಳ್ಬೇಕಿತ್ತು," ಎಂದ ಅವರ ದನಿ ಕಿಟಕಿಯಿಂದ ಕೇಳಿಸಿತು. ಆಮೇಲೆ ಗಾಡಿ ಸ್ಟಾರ್ಟ್ ಆದ ಸದ್ದು.

ಅಷ್ಟಕ್ಕೇ ನಿಲ್ಲಲಿಲ್ಲ. ಜೆರಾಕ್ಸ್ ಅಂಗಡಿಯವರು ತಮ್ಮ ಕಾರಿನ ವಿಮೆಯನ್ನು ಬೇರೆಯವರಿಗೆ ಕೊಟ್ಟರು. ಮೂಲೆಮನೆಯವರೂ ಹಾಗೇ ಮಾಡಿದರು. ಹಾಲು ತರಲು ಹೋದಾಗ ಒಬ್ಬರು ನನ್ನನ್ನೇ ನಿಲ್ಲಿಸಿ, "ಆ ಏಜೆಂಟು ಮೋಸ ಅಂತಲ್ಲ ಮೇಡಂ? ನೀವೇ ಕಾಗದ ನೋಡಿದ್ರಂತೆ," ಎಂದು ಕೇಳಿದರು. ನನ್ನ ಹೆಸರು ಅವರ ವಿರುದ್ಧದ ಸಾಕ್ಷಿಯಾಗಿ ರಸ್ತೆಯಲ್ಲಿ ಓಡಾಡುತ್ತಿತ್ತು. ಮೆಸ್ಸಿನಮ್ಮನಂತೂ ಮೊದಲಿಗಿಂತ ಹೆಚ್ಚು ಅಕ್ಕರೆಯಿಂದ, ನೀವಿಲ್ಲದಿದ್ದರೆ ಆಸ್ಪತ್ರೆಯಲ್ಲಿ ನನಗೆ ಕೈಕಾಲೇ ಆಡುತ್ತಿರಲಿಲ್ಲವೆಂದು ದಿನಾ ಒಂದು ಬಟ್ಟಲು ಪಲ್ಯ ಕಳಿಸುತ್ತಿದ್ದರು. ಆ ಪಲ್ಯ ನನಗೆ ಇಳಿಯುತ್ತಿರಲಿಲ್ಲ. ಒಂದು ದಿನ ಅದನ್ನು ಯಾರೂ ನೋಡದಂತೆ ಹಸುವಿಗೆ ಹಾಕಿದೆ. ಬಟ್ಟಲು ತೊಳೆಯುವಾಗ, ಇದೇನು ಮಾಡುತ್ತಿದ್ದೇನೆ ಅನ್ನಿಸಿ, ಒದ್ದೆ ಕೈಯಲ್ಲೇ ರಸ್ತೆ ದಾಟಿದೆ.

ಅವರು ಸಂಜೆಯ ಚಪಾತಿ ಲಟ್ಟಿಸುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಕಂಪನಿ ಮೋಸ ಮಾಡಿಲ್ಲ, ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆದಿದೆ, ಏಜೆಂಟರು ಹೇಳಲು ಬಂದಿದ್ದರು, ನಾನೇ ಬಾಯಿ ಮುಚ್ಚಿಸಿದೆ.

"ನೀವು ಓದಿರ್ನಿಲ್ವಾ ಮೇಡಂ?"

"ಮೊದಲನೇ ಪುಟ ನೋಡಿದ್ದೆ."

"ಬರೀ ಮೊದ್ಲನೇ ಪುಟವಾ?"

"ಹ್ಞೂಂ."

ಲಟ್ಟಣಿಗೆ ಮತ್ತೆ ಆಡಿತು. ಎರಡು ಚಪಾತಿ ಹೆಂಚಿಗೆ ಹೋದವು. ದುಡ್ಡಿನ ಮಾತು ಬರುತ್ತದೆಂದು ನಾನು ಸಿದ್ಧಳಾಗಿದ್ದೆ. ಗ್ರೈಂಡರಿನ ದುಡ್ಡು ನಾನೇ ಕೊಡುತ್ತೇನೆ ಎಂದು ಹೇಳಲು ಮಾತು ಜೋಡಿಸಿಕೊಂಡಿದ್ದೆ.

"ಅಂಗಾರೆ ಆ ಮನುಷ್ಯನ್ನ ಉಣ್ತಾ ಕುಂತಿರೋ ಹುಡುಗ್ರು ಎದ್ರುಗೆ ಸುಮ್ಸುಮ್ನೆ ಬೈದ್ಬುಟ್ನಲ್ಲ ನಾನು," ಎಂದರು. ಕಣ್ಣಲ್ಲಿ ನೀರು ಬಂದಿತ್ತು, ಅದು ಸಿಟ್ಟಿನದು. "ನೀವು ಮೇಲ್ಗಡೆ ನಿಂತಿದ್ರಿ. ಬಟ್ಟೆ ಆಕ್ತಿದ್ರಿ. ನಾನು ನೋಡಿದ್ದೆ. ಒಂದ್ ಮಾತು ಅನ್ನಕಾಗ್ನಿಲ್ವಾ ನಿಮ್ಗೆ?"

ನಾನು ದುಡ್ಡು ಕೊಡುತ್ತೇನೆಂದು ಗೊಣಗಿದೆ.

"ನಿಮ್ ದುಡ್ಡು ಯಾರಿಗ್ ಬೇಕು ಮೇಡಂ, ಮಡಿಕ್ಕಳಿ. ನಾಳೆ ಮೂರು ಗಂಟೆಗೆ ಊಟ ಮುಗೀತದೆ. ರೆಡಿಯಾಗಿರಿ, ಅವರ ಮನೆಗೋಗನ."

ಅಶೋಕಪುರಂಗೆ ಆಟೋದಲ್ಲಿ ಹೋದೆವು. ಏಜೆಂಟರು ಮನೆಯಲ್ಲೇ ಇದ್ದರು. ನಮ್ಮನ್ನು ನೋಡಿ ಗಾಬರಿಯಾದರೂ ಒಳಗೆ ಕರೆದು, ಇಬ್ಬರಿಗೂ ಕುರ್ಚಿ ಹಾಕಿ, ತಾವು ಮಂಚದ ಅಂಚಿಗೆ ಕೂತರು. ಅವರ ಹೆಂಡತಿ ನೀರು ತಂದಿಟ್ಟು ಕಾಫಿಗೆ ಹೋದರು. ಆ ಕುರ್ಚಿಯಲ್ಲಿ ಕೂರುವುದು ನನಗೆ ಎಷ್ಟು ಕಷ್ಟವಾಯಿತೆಂದು ಹೇಳಲಾರೆ.

ಮೆಸ್ಸಿನಮ್ಮ ಮೊದಲು ಕೈಮುಗಿದರು. "ತಪ್ಪು ತಿಳ್ಕಂಡು ಬಾಯ್ಗೆ ಬಂದಂಗೆ ಅಂದ್ಬುಟ್ಟೆ. ಹೊಟ್ಟೇಲಿ ಆಕ್ಕಳಿ." ಮೆಸ್ಸಿನಮ್ಮ ನನ್ನತ್ತ ತಿರುಗಿದಾಗ ನಾನೂ ಹೇಳಿದೆ. ಮನೆಯಲ್ಲಿ ತಯಾರು ಮಾಡಿಕೊಂಡಿದ್ದ ಮಾತುಗಳೆಲ್ಲ ಮರೆತುಹೋಗಿ, "ನಾನು ಓದಿರಲಿಲ್ಲ. ನಿಮ್ಮ ಮೇಲೆ ಹಾಕಿಬಿಟ್ಟೆ," ಎಂದಷ್ಟೇ ಬಂತು.

"ಅವತ್ತು ಇನ್ನೊಂದ್ಸಲ ಬಾಯಿ ಬಿಟ್ಟಿದ್ರೆ ಇನ್ನೊಂದ್ಸಲ ತಿದ್ದುತ್ತಿದ್ರಿ ಮೇಡಂ," ಎಂದರು ಏಜೆಂಟರು. ನಕ್ಕರು, ಆದರೆ ಅದು ನಗುವಲ್ಲವೆಂದು ಮೂವರಿಗೂ ಗೊತ್ತಿತ್ತು. "ಎಂಟು ಮನೆ ಬಿಟ್ಟೋಯ್ತು ನಿಮ್ ರೋಡಲ್ಲಿ. ಅವರಿಗೆಲ್ಲ ಹೇಳ್ತೀರಾ?"

ಹೇಳುತ್ತೇನೆ ಎಂದೆ.

ಮೆಸ್ಸಿನಮ್ಮ ಪಾಲಿಸಿ ತಂದಿದ್ದರು. ಈಗಲಾದರೂ ಇದೇನೆಂದು ತಿಳಿಸಿ ಎಂದು ಏಜೆಂಟರನ್ನೇ ಕೇಳಿದರು. ಅವರು ಬೀರುವಿನಿಂದ ದಪ್ಪ ರಟ್ಟಿನ ನೋಟ್‌ಬುಕ್ ತೆಗೆದರು. ಏಜೆಂಟರ ಪರೀಕ್ಷೆಗೆ ಓದುವಾಗ ಶುರುಮಾಡಿದ್ದಂತೆ. ಇಂಗ್ಲಿಷ್ ಸಲೀಸಲ್ಲದ್ದರಿಂದ ಪ್ರತಿ ಹೊಸ ಪಾಲಿಸಿಯನ್ನೂ ನಿಘಂಟು ಇಟ್ಟುಕೊಂಡು ಸಾಲುಸಾಲಾಗಿ ಕನ್ನಡಕ್ಕೆ ಬರೆದುಕೊಳ್ಳುತ್ತಾರಂತೆ. ನಾಯಿಯ ಪುಟ ತೆಗೆದು ಮೆಸ್ಸಿನಮ್ಮನ ಕೈಗೆ ಕೊಟ್ಟರು. ಆಕೆ ಬೆರಳಿಟ್ಟು ಗಟ್ಟಿಯಾಗಿ ಓದಿದರು.

"ಸತ್ತರೆ ಕೊಡುವುದು. ಅಪಘಾತದಿಂದಾಗಲಿ ಕಾಯಿಲೆಯಿಂದಾಗಲಿ. ಕಳೆದರೆ ಕೊಡುವುದು. ಪೊಲೀಸು ದೂರು ಬೇಕು. ಕಚ್ಚಿದರೆ ಕೊಡುವುದು. ಹೊರಗಿನವರಿಗೆ ಮಾತ್ರ, ಮನೆಯವರಿಗೆ ಇಲ್ಲ. ಚಿಕಿತ್ಸೆಗೆ ಕೊಡುವುದು. ಇದು ಬೇರೆ, ಕೇಳಿ ಸೇರಿಸಿಕೊಳ್ಳಬೇಕು. ಮೊದಲ ಕೆಲವು ವಾರ ಸಿಕ್ಕುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಸಿಕ್ಕುವುದಿಲ್ಲ."

ಕೊನೆಯ ಮೂರು ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿತ್ತು. ಹದಿನಾಲ್ಕು ಪುಟದ್ದು ಅರ್ಧ ಪುಟವಾಗಿತ್ತು. ಅಷ್ಟು ವರ್ಷ ಪಾಠ ಮಾಡಿದ ನಾನು ಹಾಗೆ ಯಾವುದನ್ನೂ ಯಾರಿಗೂ ಬಿಡಿಸಿ ಹೇಳಿರಲಿಲ್ಲ.

"ವಾಟೆ ನುಂಗಿದ್ದು ಯಾವುದ್ರಲ್ಲಿ ಬತ್ತದೆ?" ಮೆಸ್ಸಿನಮ್ಮ ಕೇಳಿದರು.

"ನಾಲ್ಕನೇದರಲ್ಲಿ ಬರುತ್ತಮ್ಮ, ಚಿಕಿತ್ಸೇದು."

"ಸೊಂಟ ನೋವು?"

"ಅದೂ ನಾಲ್ಕನೇದೇ. ಆದ್ರೆ ನೋವು ಶುರುವಾಗೋಕೆ ಮುಂಚೇನೇ ಸೇರಿಸ್ಬೇಕು."

"ಮೆಸ್ಸಿನ ಹುಡುಗ್ರನ್ನ ಕಚ್ಚಿದ್ರೆ? ಅವ್ರು ಮನೆಯೋರಾ, ಹೊರಗಿನೋರಾ?"

ಏಜೆಂಟರು ಯೋಚಿಸಿದರು. "ಅದು ನಂಗೂ ಗೊತ್ತಿಲ್ಲಮ್ಮ. ಆಫೀಸಲ್ಲಿ ಕೇಳಿ ಬರವಣಿಗೇಲೇ ತರ್ತೀನಿ," ಎಂದು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡರು. ಗೊತ್ತಿಲ್ಲ ಎನ್ನಲು ಅವರಿಗೆ ಏನೂ ಕಷ್ಟವಾಗಲಿಲ್ಲ. ನಾನು ತಣ್ಣಗಾಗುತ್ತಿದ್ದ ಕಾಫಿಯನ್ನು ಕುಡಿದು ಮುಗಿಸಿದೆ.

ಮಾರನೆಯ ದಿನದಿಂದ ಎಂಟು ಮನೆಗೆ ಹೋದೆ. ಒಂದೊಂದು ಮನೆಯ ಗೇಟಿನಲ್ಲೂ ಅದೇ ಮಾತು: ತಪ್ಪು ಅವರದಲ್ಲ, ನನ್ನದು. ಕೆಲವರು ಇರಲಿ ಬಿಡಿ ಮೇಡಂ ಎಂದರು. ಜೆರಾಕ್ಸ್ ಅಂಗಡಿಯವರು ನಕ್ಕು, "ನೀವೂ ಓದಲ್ವಾ ಹಾಗಾದ್ರೆ?" ಎಂದರು. ಐದು ಮನೆಯವರು ಏಜೆಂಟರ ಹತ್ತಿರ ಮರಳಿದರು, ಮೂವರು ಹೋಗಲಿಲ್ಲ. ಆ ಮೂರಕ್ಕೆ ನನ್ನ ಹತ್ತಿರ ಪರಿಹಾರವಿಲ್ಲ. ಈಗ ರಸ್ತೆಯ ಕಾಗದಗಳು ನನ್ನ ವರಾಂಡಕ್ಕೆ ಬರುವುದು ಕಡಿಮೆ. ಗ್ರೈಂಡರ್ ಇನ್ನೂ ಬಂದಿಲ್ಲ. ಮೆಸ್ಸಿನಮ್ಮ ಹೊಸದಾಗಿ ಚೀಟಿ ಕಟ್ಟುತ್ತಿದ್ದಾರೆ. ನನ್ನಿಂದ ಒಂದು ರೂಪಾಯಿಯನ್ನೂ ಅವರು ಮುಟ್ಟಲಿಲ್ಲ. ಪಲ್ಯವೂ ಹಲವು ತಿಂಗಳು ಬರಲಿಲ್ಲ.

ಕಳೆದ ತಿಂಗಳು ಅವರ ತಂಗಿಯ ಮಗಳ ಮದುವೆಗೆ ನಂಜನಗೂಡಿಗೆ ಹೋಗಬೇಕಾಗಿತ್ತು, ಎರಡು ದಿನ. ಬೆಳಿಗ್ಗೆ ರೇಷ್ಮೆ ಸೀರೆಯುಟ್ಟು, ನಾಯಿಯನ್ನು ಹಿಡಿದುಕೊಂಡು ನಮ್ಮ ಗೇಟಿಗೆ ಬಂದರು.

"ಮಗನ್ನ ನೋಡ್ಕತೀರಾ? ಬೆಳಿಗ್ಗೆ ಏಳಕ್ಕೆ ಒಂದು ಸುತ್ತು ಕರ್ಕೊಂಡೋಗ್ಬೇಕು. ಅನ್ನ ಮೆತ್ತಗೆ ಮಾಡಿ, ಮೊಸರು ಫ್ರಿಜ್ಜಿಂದು ಹಾಕ್ಬಾರ್ದು. ಮಾತ್ರೆ ರಾತ್ರಿ ಊಟ ಆದ್ಮೇಲೆ, ಬೆಲ್ಲದೊಳಗಿಟ್ಟು. ಕಾಳು, ಬೀಜ, ಮೂಳೆ ಏನೂ ಬಾಯ್ಗೆ ಸಿಕ್ಕಂಗಿರ್ಬಾರ್ದು."

ಸರಿ ಎಂದು ಕೈ ಚಾಚಿದೆ. ಅವರು ಹಗ್ಗ ಬಿಡಲಿಲ್ಲ.

"ಎಲ್ಲಿ, ಒಂದ್ಸಲ ಯೋಳಿ ನೋಡನ."

ನಾನು ಹೇಳಿದೆ. ಮಾತ್ರೆಯನ್ನು ಊಟಕ್ಕೆ ಮೊದಲು ಎಂದೆ. ಅವರು ತಪ್ಪೆಂದು ತಲೆಯಾಡಿಸಿ, ಮೊದಲಿನಿಂದ ಹೇಳಿ ಎಂದರು. ಗೇಟಿನ ಹತ್ತಿರ ನಿಂತು ಇನ್ನೊಂದು ಸಲ, ಏಳು ಗಂಟೆಯಿಂದ ಶುರುಮಾಡಿ, ಒಂದೂ ಬಿಡದೆ ಹೇಳಿದೆ. ಆಮೇಲೆ ಹಗ್ಗ ನನ್ನ ಕೈಗೆ ಕೊಟ್ಟರು.